ದಾಸೋಹದಲ್ಲಿಲ್ಲದ ಪಂಕ್ತಿಭೇದ ಔಷಧದಲ್ಲಿ ಏಕೆ?

ಎಚ್.ಐ.ವಿ. ಬಾರದಂತೆ ತಡೆಯುವ ಮಾತ್ರೆಯ ವೆಚ್ಚವನ್ನು ಸರಕಾರ ವಹಿಸಬೇಕೆ? ಒಂದು ವಿಚಾರ

ಶ್ರೀರಂಗಪಟ್ಟಣದ ಕೋಟೆಯನ್ನು ನೋಡಲು ಬರುವ ಯಾತ್ರಿಕರು ಟಿಪ್ಪುವಿನ ಯುದ್ಧದ ಕಥೆಯನ್ನು ಕೇಳಿ ಹಿಂತಿರುಗುತ್ತಾರೆ. ಆ ಕೋಟೆಯನ್ನು 1799ರಲ್ಲಿ ಗೆದ್ದ ಇಂಗ್ಲಿಷರ ದಂಡು ಅಲ್ಲಿ ಬಹುಕಾಲ ನಿಲ್ಲಲಾಗದೆ 1809ರಲ್ಲಿ ಬೆಂಗಳೂರಿಗೆ ತೆರಳಿತೆಂಬ ಸಂಗತಿ ಅನೇಕರ ಗಮನಕ್ಕೆ ಬರುವುದಿಲ್ಲ. ಅವರನ್ನು ಅಲ್ಲಿಂದ ಎಬ್ಬಿಸಿದ್ದು ಯಾವ ಸೈನ್ಯವೂ ಅಲ್ಲ, ದ್ವೀಪದ ಚಳಿಜ್ವರ. ಮುಂದೆ ಕನ್ನಂಬಾಡಿಯ ನೀರು ನಾಲೆಗಳಲ್ಲಿ ಹರಿದು ಮಂಡ್ಯದ ಸೀಮೆ ಹಸಿರಾದಾಗ, ಆ ಹಸಿರಿನೊಡನೆಯೇ ಮಲೇರಿಯಾ ಸಹ ಹಳ್ಳಿಹಳ್ಳಿಗೆ ಹಬ್ಬಿತು. ಆಗ ಆಳುವವರು ಜ್ವರ ಬಂದವರಿಗೆ ಕ್ವಿನೈನ್ ಕೊಟ್ಟು ಸುಮ್ಮನಾಗಲಿಲ್ಲ. ನಿಂತ ನೀರನ್ನು ಹರಿಸಿದರು. ಸ್ವಾತಂತ್ರ್ಯಾನಂತರ 1953ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಂತೆ ಮನೆಮನೆಯ ಗೋಡೆಗೆ ಡಿ.ಡಿ.ಟಿ. ಸಿಂಪಡಿಸಿದರು. ಬೆನ್ನಿಗೆ ಪಂಪು ಕಟ್ಟಿಕೊಂಡು ಬಂದ ನೌಕರನು ಯಾವ ಮನೆಯ ಬಾಗಿಲಲ್ಲಿಯೂ ನಿಂತು, ಈ ಮನೆಯವರ ನಡತೆ ಎಂತಹುದು ಎಂದು ಕೇಳಲಿಲ್ಲ. ರೋಗ ಬರುವುದಕ್ಕೆ ಮುನ್ನವೇ ತಡೆಯುವುದು ಸರಕಾರದ ಕರ್ತವ್ಯವೆಂಬ ಭಾವನೆ ನಮ್ಮ ಸೀಮೆಯಲ್ಲಿ ಹೀಗೆ ಬೇರೂರಿತು.

ಇಂದು ಅದೇ ಭಾವನೆಯನ್ನು ಇನ್ನೊಂದು ರೋಗದ ಮುಂದೆ ಇಟ್ಟು ನೋಡಬೇಕಾಗಿದೆ. ಅದು ಎಚ್.ಐ.ವಿ. ಈ ಹೆಸರನ್ನು ಭಕ್ತರ ಮನೆಗೆ ಹೋಗುವ ಪತ್ರಿಕೆಯಲ್ಲಿ ಕಂಡು ಕೆಲವರಿಗೆ ಮುಜುಗರವಾಗಬಹುದು. ನಮಗೂ ಒಂದು ಕಾಲದಲ್ಲಿ ಆಗುತ್ತಿತ್ತು. ಆ ಮುಜುಗರದ ಬೆಲೆಯನ್ನು ತೆತ್ತವರು ನಾವಲ್ಲ, ಬೇರೊಬ್ಬರು. ಆ ಮಾತನ್ನು ಮುಂದೆ ಹೇಳುತ್ತೇವೆ.

ಏನಿದು ತಡೆಯುವ ಮಾತ್ರೆ?

ಎಚ್.ಐ.ವಿ. ಇಲ್ಲದವರು, ಆದರೆ ಅದು ತಗಲುವ ಸಂಭವ ಹೆಚ್ಚಾಗಿರುವವರು, ಮುಂಚಿತವಾಗಿಯೇ ಸೇವಿಸುವ ಮಾತ್ರೆಯೊಂದಿದೆ. ಟೆನೊಫೊವಿರ್ ಮತ್ತು ಎಮ್‌ಟ್ರಿಸಿಟಬಿನ್ ಎಂಬ ಎರಡು ಔಷಧಗಳು ಅದರಲ್ಲಿ ಕೂಡಿರುತ್ತವೆ. ವೈದ್ಯರು ಇದನ್ನು ಸಂಕ್ಷೇಪವಾಗಿ ‘ಪ್ರೆಪ್’ ಎನ್ನುತ್ತಾರೆ. ಅಮೆರಿಕ ದೇಶ ಇದಕ್ಕೆ 2012ರಲ್ಲಿ ಅನುಮತಿ ನೀಡಿತು. ಅಪಾಯ ಹೆಚ್ಚಿರುವ ಎಲ್ಲರಿಗೂ ಇದು ದೊರೆಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. ನಮ್ಮ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯು 2021ರ ಮಾರ್ಗಸೂಚಿಯಲ್ಲಿ ಇದಕ್ಕೆ ಸ್ಥಾನ ಕೊಟ್ಟಿದೆ.

ಕ್ರಮ ತಪ್ಪದೆ ದಿನವೂ ಸೇವಿಸಿದಲ್ಲಿ ಲೈಂಗಿಕ ಸಂಪರ್ಕದಿಂದ ಸೋಂಕು ತಗಲುವ ಸಂಭವವನ್ನು ಇದು ಶೇಕಡ 99ರಷ್ಟು ತಗ್ಗಿಸುತ್ತದೆಂದು ತಜ್ಞರು ಹೇಳುತ್ತಾರೆ. ಕೀನ್ಯಾ ಮತ್ತು ಉಗಾಂಡಾ ದೇಶಗಳಲ್ಲಿ ದಂಪತಿಗಳಲ್ಲಿ ಒಬ್ಬರಿಗೆ ಮಾತ್ರ ಸೋಂಕಿದ್ದ 4,700ಕ್ಕೂ ಹೆಚ್ಚು ಜೋಡಿಗಳ ನಡುವೆ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮಾತ್ರೆ ಪಡೆದವರಲ್ಲಿ ಹೊಸ ಸೋಂಕು ಶೇಕಡ 75ರಷ್ಟು ಕಡಿಮೆಯಾಯಿತು. ಮಾತ್ರೆಯನ್ನು ಬಿಟ್ಟು ಬಿಟ್ಟು ನುಂಗಿದವರನ್ನೂ ಸೇರಿಸಿ ಬಂದ ಲೆಕ್ಕವಿದು.

ಇದರ ಮಿತಿಗಳನ್ನೂ ಮರೆಮಾಚಬಾರದು. ಮೊದಲ ದಿನವೇ ರಕ್ಷಣೆ ಪೂರ್ಣವಾಗುವುದಿಲ್ಲ. ಕೆಲವು ದಿನ ಬೇಕು. ಆರಂಭಿಸುವ ಮುನ್ನ ಸೋಂಕಿಲ್ಲವೆಂದು ರಕ್ತಪರೀಕ್ಷೆಯಿಂದ ಖಚಿತವಾಗಬೇಕು. ಇಲ್ಲವಾದರೆ ರೋಗಾಣು ಔಷಧಕ್ಕೆ ಬಗ್ಗದಂತಾಗುವ ಭಯವಿದೆ. ಮೂತ್ರಪಿಂಡದ ಆರೋಗ್ಯವನ್ನು ನೋಡಬೇಕು. ಮೂರು ತಿಂಗಳಿಗೊಮ್ಮೆ ಪರೀಕ್ಷೆ ನಡೆಯಬೇಕು. ಮೇಹರೋಗಗಳನ್ನಾಗಲಿ ಬೇಡದ ಗರ್ಭವನ್ನಾಗಲಿ ಇದು ತಡೆಯುವುದಿಲ್ಲ. ಆದ್ದರಿಂದ ಕಾಂಡೋಮಿನ ಅಗತ್ಯ ಇದರಿಂದ ತೀರುವುದಿಲ್ಲ. ಹೀಗೆ ಇದು ಅಂಗಡಿಯಿಂದ ತಂದು ನುಂಗಿಬಿಡುವ ಗುಳಿಗೆಯಲ್ಲ. ವೈದ್ಯರು, ಪರೀಕ್ಷೆ, ಆಪ್ತಸಮಾಲೋಚನೆ ಇವೆಲ್ಲ ಕೂಡಿದ ಒಂದು ವ್ಯವಸ್ಥೆ.

ಕೊಳ್ಳಲು ಶಕ್ತಿಯುಳ್ಳವರು ಇದನ್ನು ಖಾಸಗಿ ವೈದ್ಯರ ಚೀಟಿ ಪಡೆದು ಕೊಳ್ಳಬಹುದು. ತಿಂಗಳಿಗೆ ಸಾವಿರ ರೂಪಾಯಿಗೆ ಮೇಲ್ಪಟ್ಟ ಈ ಖರ್ಚು ಕೂಲಿಯವರ ಮನೆಗೆ ಸಲ್ಲುವಂಥದಲ್ಲ. ಸೋಂಕು ಬಂದವರಿಗೆ ಔಷಧ ಊರೂರಿನಲ್ಲಿ ಉಚಿತವಾಗಿದೆ. ಬಾರದಂತೆ ಕಾಯುವ ಈ ಮಾತ್ರೆ ಹಾಗೆ ತಾಲ್ಲೂಕು ಆಸ್ಪತ್ರೆಯ ಕಿಟಕಿಯಲ್ಲಿ ಎಲ್ಲರಿಗೂ ದೊರೆಯುವಂತೆ ಇನ್ನೂ ಆಗಿಲ್ಲ. ಆಗಬೇಕೆ ಎಂಬುದೇ ಪ್ರಶ್ನೆ.

ನಮ್ಮ ನಾಲ್ಕು ತಾಲ್ಲೂಕುಗಳ ಮಾತು

ಇದು ಮುಂಬಯಿ, ಬೆಂಗಳೂರುಗಳ ಸಮಸ್ಯೆ, ನಮಗೇಕೆ ಎಂದು ಕೆಲವರು ಕೇಳಬಹುದು. ಶ್ರೀರಂಗಪಟ್ಟಣವು ಬೆಂಗಳೂರು ಮೈಸೂರು ಹೆದ್ದಾರಿಯ ಮೇಲಿದೆ. ನಾಗಮಂಗಲ ತಾಲ್ಲೂಕಿನ ಬೆಳ್ಳೂರು ಕ್ರಾಸ್ ಬೆಂಗಳೂರು ಮಂಗಳೂರು ಹೆದ್ದಾರಿಯ ಮೇಲಿದೆ. ಪಾಂಡವಪುರದ ಆಲೆಮನೆಗಳಿಗೂ ಕಬ್ಬಿನ ಗದ್ದೆಗಳಿಗೂ ದೂರದ ಜಿಲ್ಲೆಗಳಿಂದ, ಉತ್ತರ ಭಾರತದಿಂದ ಕೂಲಿಯವರು ಹೆಂಡಿರು ಮಕ್ಕಳನ್ನು ಬಿಟ್ಟು ಬಂದು ತಿಂಗಳುಗಟ್ಟಲೆ ಇರುತ್ತಾರೆ. ಕೃಷ್ಣರಾಜಪೇಟೆ ಮತ್ತು ನಾಗಮಂಗಲದ ಹಳ್ಳಿಗಳಿಂದ ಎರಡು ಮೂರು ತಲೆಮಾರುಗಳ ಕಾಲ ಗಂಡಾಳುಗಳು ಮುಂಬಯಿಗೆ ಹೋಟೆಲು, ಟ್ಯಾಕ್ಸಿ, ಗೋದಾಮುಗಳ ಕೆಲಸ ಅರಸಿ ಹೋಗಿದ್ದಾರೆ. 2020ರ ಮೇ ತಿಂಗಳಲ್ಲಿ ಕೊರೋನಾ ಕಾಲದಲ್ಲಿ ಅವರೆಲ್ಲ ಒಮ್ಮೆಗೇ ಊರಿಗೆ ಮರಳಿದಾಗ, ನಮ್ಮ ಸೀಮೆಗೂ ಆ ಮಹಾನಗರಕ್ಕೂ ಇರುವ ನಂಟು ಎಷ್ಟು ಗಾಢವೆಂಬುದನ್ನು ರಾಜ್ಯವೇ ಕಂಡಿತು.

ಊರು ಬಿಟ್ಟು ದುಡಿಯುವುದು ದೋಷವಲ್ಲ, ಅದೂ ಕಾಯಕವೇ. ಆದರೆ ಮನೆಯಿಂದ ದೂರ ಒಂಟಿಯಾಗಿ ವರ್ಷಗಟ್ಟಲೆ ಇರುವ ಮನುಷ್ಯನ ಬಾಳು ಹೇಗಿರುತ್ತದೆಂಬುದನ್ನು ಕಣ್ಣು ಮುಚ್ಚಿಕೊಂಡು ನೋಡಲಾಗದು. ಭಾರತದಲ್ಲಿ ಈ ಸೋಂಕು ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈಯಲ್ಲಿ. 2005-06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ವೇಳೆಗೆ ಕರ್ನಾಟಕದ ವಯಸ್ಕರಲ್ಲಿ ಶೇಕಡ 0.69 ಮಂದಿಗೆ ಸೋಂಕಿತ್ತು. ಇಡೀ ದೇಶದ ಪ್ರಮಾಣ ಶೇಕಡ 0.28. ಅಂದಿನಿಂದ ಬಹಳ ಇಳಿದಿದೆಯೆಂಬುದು ಸಂತೋಷದ ವಿಷಯ. ಆದರೂ 2023ರ ಸರಕಾರಿ ಅಂದಾಜಿನಂತೆ ದೇಶದಲ್ಲಿ ಸುಮಾರು 25 ಲಕ್ಷ ಜನ ಈ ಸೋಂಕಿನೊಡನೆ ಬದುಕುತ್ತಿದ್ದರು. ಆ ಒಂದು ವರ್ಷದಲ್ಲಿ ಸುಮಾರು 68 ಸಾವಿರ ಜನರಿಗೆ ಅದು ಹೊಸದಾಗಿ ತಗಲಿತು. ಈ 68 ಸಾವಿರದಲ್ಲಿ ಯಾರ ಮನೆಯ ಮಗಳಿದ್ದಾಳೆ, ಯಾರ ಮನೆಯ ಸೊಸೆಯಿದ್ದಾಳೆ ಎಂಬುದನ್ನು ಅಂಕಿಸಂಖ್ಯೆ ಹೇಳುವುದಿಲ್ಲ.

ನಾವು ಆಡದ ಮಾತು

ಈಗ ನಮ್ಮದೇ ಒಂದು ಲೋಪವನ್ನು ವಾಚಕರ ಮುಂದೆ ನಿವೇದಿಸಬೇಕು. ಸಂಬಂಧಪಟ್ಟ ತಾಯಿಯ ಒಪ್ಪಿಗೆ ಪಡೆದು, ಊರು ಹೆಸರು ತಿಳಿಯದಂತೆ ಬರೆಯುತ್ತಿದ್ದೇವೆ.

1997ರಲ್ಲಿ ಕೃಷ್ಣರಾಜಪೇಟೆ ತಾಲ್ಲೂಕಿನ ಒಂದು ಗ್ರಾಮಕ್ಕೆ ಪುರಾಣ ಪ್ರವಚನಕ್ಕಾಗಿ ಹೋಗಿದ್ದೆವು. ಮಠದಲ್ಲಿ ಓದಿ ಬಂದವರೆಂಬ ಗೌರವದಿಂದ ಊರಿನವರು ನ್ಯಾಯ, ನಂಟಸ್ತನದ ಮಾತುಗಳನ್ನೂ ನಮ್ಮ ಮುಂದಿಡುತ್ತಿದ್ದರು. ಒಂದು ರಾತ್ರಿ ಪ್ರವಚನ ಮುಗಿದ ಮೇಲೆ ಒಂದು ಮನೆಯ ಹಿರಿಯರು ಬಂದು ಕುಳಿತರು. ಅವರ ಮಗ ಮುಂಬಯಿಯಿಂದ ಕಾಯಿಲೆ ಹೊತ್ತು ಬಂದಿದ್ದ. ಮೈಸೂರಿನಲ್ಲಿ ರಕ್ತಪರೀಕ್ಷೆಯಾಗಿ ಇಂತಹ ರೋಗವೆಂದು ತಿಳಿದಿತ್ತು. ಸೊಸೆಯ ರಕ್ತವನ್ನೂ ನೋಡಿದ್ದರು, ಆಕೆಗೆ ಇರಲಿಲ್ಲ. ಸೊಸೆಯ ತವರಿನವರು ಆಕೆಯನ್ನು ಕರೆದೊಯ್ಯಲು ಬಂದಿದ್ದರು. ಆಕೆ ಹೋಗಬೇಕೆ, ಇರಬೇಕೆ ಎಂದು ಅವರು ನಮ್ಮನ್ನು ಕೇಳಿದರು.

ಪತಿಯ ಸಂಕಟದಲ್ಲಿ ಜೊತೆಗಿರುವುದು ಧರ್ಮವೆಂದು ನಾವು ಹೇಳಿದೆವು. ಅದಕ್ಕೆ ಬೇಕಾದ ದೃಷ್ಟಾಂತಗಳನ್ನೆಲ್ಲ ಹೇಳಿದೆವು. ಆ ಮಾತು ತಪ್ಪೆಂದು ಇಂದಿಗೂ ನಮಗೆ ತೋರುವುದಿಲ್ಲ. ತಪ್ಪು ಇದ್ದದ್ದು ಹೇಳದೆ ಉಳಿದ ಮಾತಿನಲ್ಲಿ. ಇರಬಹುದು, ಸೇವೆ ಮಾಡಬಹುದು, ಆದರೆ ದೇಹವನ್ನು ಹೀಗೆ ಕಾಪಾಡಿಕೊಳ್ಳಬೇಕು ಎಂದು ಹೇಳಬೇಕಾಗಿತ್ತು. ಕಾಂಡೋಮಿನ ಹೆಸರು ನಮಗೆ ಗೊತ್ತಿತ್ತು. ಗೋಡೆಗಳ ಮೇಲೆ ಬರೆದಿತ್ತು. ಹೆಂಗಸರು ಬಾಗಿಲ ಮರೆಯಲ್ಲಿ ನಿಂತಿದ್ದರು; ವಿಭೂತಿ ಧರಿಸಿ ಗದ್ದುಗೆಯ ಮೇಲೆ ಕುಳಿತ ನಮ್ಮ ನಾಲಿಗೆ ಏಳಲಿಲ್ಲ. ಆಕೆ ಉಳಿದಳು. ಎರಡು ವರ್ಷದಲ್ಲಿ ಗಂಡ ಲಿಂಗೈಕ್ಯನಾದ. ಅಷ್ಟರಲ್ಲಿ ಆಕೆಗೂ ಸೋಂಕು ತಗಲಿತ್ತು.

2006ರಲ್ಲಿ ಪಾಂಡವಪುರದ ಒಂದು ಸಮಾರಂಭದಲ್ಲಿ ಆಕೆ ನಮ್ಮನ್ನು ಕಂಡು ನಮಸ್ಕರಿಸಿದಳು. ಸರಕಾರದ ಔಷಧದಿಂದ ಬದುಕಿದ್ದೇನೆ ಎಂದಳು. ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ‘ಅವತ್ತು ಇನ್ನೊಂದು ಮಾತು ಹೆಚ್ಚಿಗೆ ಹೇಳಿದ್ದರೆ ಆಗುತ್ತಿತ್ತು, ಬುದ್ಧಿ’ ಎಂದಷ್ಟೇ ಹೇಳಿದಳು. ಆಕೆ ಇಂದಿಗೂ ಇದ್ದಾಳೆ, ಮಗಳನ್ನು ಓದಿಸಿ ದಡ ಸೇರಿಸಿದ್ದಾಳೆ.

ಈಚೆಗೆ ನಾವು ಇನ್ನೊಂದನ್ನೂ ಯೋಚಿಸುತ್ತೇವೆ. ಅಂದು ನಾವು ಆ ಮಾತು ಹೇಳಿದ್ದರೂ ಕಾಂಡೋಮನ್ನು ಧರಿಸಬೇಕಾದವನು ಗಂಡ. ಆತ ಒಲ್ಲೆನೆಂದರೆ ಆಕೆಯ ಕೈಯಲ್ಲಿ ಏನಿತ್ತು? ಏನೂ ಇರಲಿಲ್ಲ. ಈ ಮಾತ್ರೆಯ ವಿಶೇಷವೇ ಅಲ್ಲಿದೆ. ಯಾರ ಅಪ್ಪಣೆಯನ್ನೂ ಕಾಯದೆ, ತನ್ನ ದೇಹವನ್ನು ತಾನೇ ಕಾಯ್ದುಕೊಳ್ಳಲು ಹೆಣ್ಣಿನ ಅಂಗೈಯಲ್ಲಿ ಇಡಬಹುದಾದ ಸಾಧನವಿದು. 1997ರಲ್ಲಿ ಇದು ಇರಲಿಲ್ಲ. ಇಂದು ಇದೆ. ಇದ್ದೂ ಕೊಡದಿದ್ದರೆ ಅದನ್ನು ವಿಧಿಯೆಂದು ಹೇಳಿ ಕೈ ತೊಳೆದುಕೊಳ್ಳಲಾಗದು.

ತತ್ತ್ವವನ್ನು ಆಗಲೇ ಒಪ್ಪಿದ್ದೇವೆ

ಬಾರದ ರೋಗಕ್ಕೆ ಸರಕಾರ ಔಷಧ ಕೊಡುವುದು ಸರಿಯೆ ಎಂದು ಕೇಳುವವರು ಒಂದು ಸಂಗತಿಯನ್ನು ಗಮನಿಸಬೇಕು. ಎಚ್.ಐ.ವಿ. ತಡೆಯುವ ಔಷಧವನ್ನು ನಮ್ಮ ಸರಕಾರ ಎಂದೋ ಉಚಿತವಾಗಿ ಕೊಡುತ್ತಿದೆ.

ಸೋಂಕುಳ್ಳ ತಾಯಿಯಿಂದ ಶಿಶುವಿಗೆ ರೋಗ ಸಾಗದಂತೆ ತಡೆಯುವ ಕಾರ್ಯಕ್ರಮ ಎರಡು ದಶಕಗಳಿಗಿಂತ ಹಳೆಯದು. ಏನೂ ಮಾಡದಿದ್ದರೆ ಇಂತಹ ತಾಯಂದಿರ ಮಕ್ಕಳಲ್ಲಿ ನೂರಕ್ಕೆ 15ರಿಂದ 45 ಮಂದಿಗೆ ಸೋಂಕು ತಗಲುತ್ತದೆ. ತಾಯಿಗೂ ಮಗುವಿಗೂ ಸಕಾಲದಲ್ಲಿ ಔಷಧ ಕೊಟ್ಟರೆ ಅದು ಐದಕ್ಕಿಂತ ಕೆಳಗೆ ಇಳಿಯುತ್ತದೆ. ಹುಟ್ಟಿದ ಕೂಸಿನ ನಾಲಿಗೆಗೆ ದಾದಿಯು ಹನಿಸುವ ಆ ಔಷಧ ರೋಗಕ್ಕೆ ಕೊಟ್ಟದ್ದಲ್ಲ, ಬಾರದಿರಲೆಂದು ಕೊಟ್ಟದ್ದು. ಹಾಗೆಯೇ ಆಸ್ಪತ್ರೆಯ ದಾದಿಗೆ ರೋಗಿಯ ಸೂಜಿ ಚುಚ್ಚಿದರೆ 72 ಗಂಟೆಯೊಳಗೆ ಆರಂಭಿಸಿ 28 ದಿನ ಔಷಧ ಕೊಡುತ್ತಾರೆ. ಅತ್ಯಾಚಾರಕ್ಕೆ ಒಳಗಾದ ಹೆಣ್ಣುಮಗಳಿಗೂ ಕೊಡುತ್ತಾರೆ. ಇವೆಲ್ಲ ಬೊಕ್ಕಸದ ವೆಚ್ಚವೇ. ಇವನ್ನು ಯಾವ ಸಜ್ಜನನೂ ವಿರೋಧಿಸಿದ್ದನ್ನು ನಾವು ಕೇಳಿಲ್ಲ.

ಹಾಗಾದರೆ ಚರ್ಚೆ ತತ್ತ್ವದ ಬಗೆಗೆ ಅಲ್ಲ. ಕೂಸಿಗೆ ಕೊಟ್ಟಾಗ ಕರುಣೆ ಎನ್ನುತ್ತೇವೆ, ದಾದಿಗೆ ಕೊಟ್ಟಾಗ ಕರ್ತವ್ಯ ಎನ್ನುತ್ತೇವೆ. ಲಾರಿಯ ಚಾಲಕನಿಗೆ, ದೇಹ ಮಾರಿ ಬದುಕುವ ಹೆಂಗಸಿಗೆ, ಗಂಡಸನ್ನೇ ಒಲಿದ ಗಂಡಸಿಗೆ, ಮಂಗಳಮುಖಿಗೆ ಕೊಡಬೇಕೆಂದಾಗ ಮಾತ್ರ ಅವರ ಶೀಲದ ಲೆಕ್ಕವನ್ನು ಕೇಳುತ್ತೇವೆ. ಔಷಧ ಒಂದೇ ಬಗೆಯದು, ರೋಗ ಒಂದೇ, ಬೊಕ್ಕಸವೂ ಒಂದೇ. ಬೇರೆಯಾದದ್ದು ಉಣ್ಣುವವನ ಎಲೆ ಮಾತ್ರ. ಇದನ್ನೇ ನಮ್ಮ ಹಿರಿಯರು ಪಂಕ್ತಿಭೇದವೆಂದು ಕರೆದರು. ದಾಸೋಹದಲ್ಲಿ ಅದು ಸಲ್ಲದೆಂದು ಶರಣರು ಬದುಕಿ ತೋರಿಸಿದರು. ಸೂಳೆ ಸಂಕವ್ವೆ ಎಂಬ ಹೆಸರಿನ ಹೆಣ್ಣು ವಚನಕಾರ್ತಿಯರ ಸಾಲಿನಲ್ಲಿ ಉಳಿದಿದ್ದಾಳೆ. ವೈದ್ಯ ಸಂಗಣ್ಣನು ವೈದ್ಯವೃತ್ತಿಯನ್ನೇ ಕಾಯಕವಾಗಿಸಿಕೊಂಡ ಶರಣ. ಇವರಿಬ್ಬರನ್ನೂ ಒಂದೇ ಬಳಗದಲ್ಲಿ ಕಂಡ ಪರಂಪರೆಯವರು ನಾವು. ಸಂಕವ್ವೆಗೆ ಔಷಧ ಕೊಡಬಾರದೆಂದು ಸಂಗಣ್ಣನಿಗೆ ಹೇಳುವ ಅಧಿಕಾರ ನಮಗೆಲ್ಲಿಂದ ಬಂತು?

ಮೈಸೂರಿನಲ್ಲಿ ನಡೆದ ಪ್ರಯೋಗ

ಶ್ರೀರಂಗಪಟ್ಟಣದಿಂದ ಹತ್ತಾರು ಮೈಲಿಯೊಳಗೇ ಈ ಮಾತ್ರೆಯ ಪರೀಕ್ಷೆಯೊಂದು ನಡೆದಿದೆ ಎಂಬುದು ನಮ್ಮ ಜನರಲ್ಲಿ ಹೆಚ್ಚು ಮಂದಿಗೆ ತಿಳಿದಿಲ್ಲ. ಮೈಸೂರಿನ ಆಶೋದಯ ಸಮಿತಿಯು ಲೈಂಗಿಕ ವೃತ್ತಿಯಲ್ಲಿರುವವರೇ ಕಟ್ಟಿಕೊಂಡ ಸಂಸ್ಥೆ. 2016ರಿಂದ ಮುಂದಕ್ಕೆ ಈ ಸಮಿತಿ ಮತ್ತು ಕೊಲ್ಕತ್ತದ ಸೋನಾಗಾಛಿಯ ದುರ್ಬಾರ್ ಮಹಿಳಾ ಸಮನ್ವಯ ಸಮಿತಿ ಎಂಬ ಎರಡು ಸಂಸ್ಥೆಗಳ ಮೂಲಕ ಪ್ರಾಯೋಗಿಕ ಯೋಜನೆಯೊಂದು ನಡೆಯಿತು. ಎರಡೂ ಕಡೆ ತಲಾ ಆರು ನೂರಕ್ಕೂ ಹೆಚ್ಚು ಹೆಂಗಸರು ಒಂದು ವರ್ಷಕ್ಕೂ ಹೆಚ್ಚು ಕಾಲ ದಿನವೂ ಮಾತ್ರೆ ಸೇವಿಸಿದರು.

ಮಾತ್ರೆಯ ಮುನ್ನ ಇದ್ದ ಶಂಕೆಗಳು ಹಲವು. ಓದುಬರಹ ಕಡಿಮೆಯಿರುವ ಹೆಂಗಸರು ದಿನವೂ ನೆನಪಿಟ್ಟು ನುಂಗುವರೆ? ಮಾತ್ರೆಯ ಧೈರ್ಯದಿಂದ ಕಾಂಡೋಮನ್ನು ಬಿಟ್ಟುಬಿಡುವರೆ? ಮನೆಯವರು ಡಬ್ಬಿಯನ್ನು ಕಂಡು ರೋಗವಿದೆಯೆಂದು ತಿಳಿಯುವರೆ? ಅವರವರಲ್ಲೇ ತರಬೇತಿ ಪಡೆದ ಸಂಗಾತಿಗಳು ಮನೆಮನೆಗೆ ಹೋಗಿ ವಿಚಾರಿಸುತ್ತಿದ್ದುದರಿಂದ ಸೇವನೆ ತಪ್ಪಲಿಲ್ಲ. ಕಾಂಡೋಮಿನ ಬಳಕೆ ಕುಸಿಯಲಿಲ್ಲ. ಯೋಜನೆಯ ಅವಧಿಯಲ್ಲಿ ಮಾತ್ರೆ ಪಡೆದವರಲ್ಲಿ ಒಬ್ಬರಿಗೂ ಹೊಸ ಸೋಂಕು ಕಾಣಿಸಲಿಲ್ಲ.

ಇದರಿಂದ ತಿಳಿಯುವುದೇನೆಂದರೆ, ನಾವು ಯಾರನ್ನು ಅವಿವೇಕಿಗಳೆಂದು ಬಗೆಯುತ್ತೇವೆಯೋ ಅವರು ತಮ್ಮ ಆರೋಗ್ಯವನ್ನು ನಮಗಿಂತ ಶಿಸ್ತಿನಿಂದ ಕಾಯಬಲ್ಲರು. ಆದರೆ ಪ್ರಾಯೋಗಿಕ ಯೋಜನೆಗೆ ಒಂದು ಕೊನೆಯ ದಿನವಿರುತ್ತದೆ; ಅಪಾಯಕ್ಕೆ ಕೊನೆಯ ದಿನವಿಲ್ಲ. ದಾನಿಗಳ ಹಣದಿಂದ ಸಾಬೀತಾದದ್ದನ್ನು ಮುಂದುವರಿಸಬೇಕಾದದ್ದು ಸರಕಾರ.

ಆಕ್ಷೇಪಗಳಿಗೆ ಸಮಾಧಾನ

ಮೊದಲನೆಯ ಆಕ್ಷೇಪ: ಇದರಿಂದ ಅನೀತಿ ಬೆಳೆಯುತ್ತದೆ. ಮಾತ್ರೆ ಸೇವಿಸುವವರಲ್ಲಿ ಕಾಂಡೋಮ್ ಬಳಕೆ ಇಳಿದು ಇತರ ಮೇಹರೋಗಗಳು ಹೆಚ್ಚಿದ ಉದಾಹರಣೆ ಕೆಲವು ಪಾಶ್ಚಾತ್ಯ ನಗರಗಳಲ್ಲಿ ಇದೆ, ಅದನ್ನು ಅಲ್ಲಗಳೆಯಬಾರದು. ಅದಕ್ಕಾಗಿಯೇ ಮೂರು ತಿಂಗಳ ಪರೀಕ್ಷೆ ಕಡ್ಡಾಯವಾಗಬೇಕು. ಆದರೆ ಭಯವೊಂದೇ ಶೀಲವನ್ನು ಕಾಯುವುದಾಗಿದ್ದರೆ, ಔಷಧವೇ ಇಲ್ಲದಿದ್ದ ಕಾಲದಲ್ಲಿ ಈ ರೋಗ ಹಬ್ಬುತ್ತಲೇ ಇರಲಿಲ್ಲ. ನೀತಿಯನ್ನು ಬೋಧಿಸುವುದು ಮಠಗಳ, ಮನೆಗಳ ಹೊಣೆ. ಪ್ರಾಣ ಉಳಿಸುವುದು ಆಸ್ಪತ್ರೆಯ ಹೊಣೆ. ನಮ್ಮ ಹೊಣೆಯಲ್ಲಿ ನಾವು ಸೋತರೆ ಅದರ ದಂಡವನ್ನು ಮತ್ತೊಬ್ಬರ ಸೊಸೆ ತೆರಬಾರದು.

ಎರಡನೆಯದು: ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವೈದ್ಯರಿಲ್ಲ, ಸಕ್ಕರೆ ಕಾಯಿಲೆಯ ಮಾತ್ರೆ ಸಾಲದು, ಇದಕ್ಕೆಲ್ಲಿಯ ಹಣ? ಇದು ಸತ್ಯವಾದ ಕಷ್ಟ, ಹಗುರವಾಗಿ ತಳ್ಳಿಹಾಕುವಂಥದಲ್ಲ. ಇಂಗ್ಲೆಂಡಿನಲ್ಲೂ ಇದೇ ವಾದ ಎದ್ದಿತು. ಅಲ್ಲಿನ ಸಾರ್ವಜನಿಕ ಆರೋಗ್ಯ ಸೇವೆಯು 2016ರಲ್ಲಿ ಇದಕ್ಕೆ ಹಣ ಕೊಡುವ ಅಧಿಕಾರ ತನಗಿಲ್ಲವೆಂದು ಹೇಳಿತು. ರಾಷ್ಟ್ರೀಯ ಏಡ್ಸ್ ಟ್ರಸ್ಟ್ ಎಂಬ ಸಂಸ್ಥೆ ನ್ಯಾಯಾಲಯಕ್ಕೆ ಹೋಯಿತು. ಅಧಿಕಾರವಿದೆಯೆಂದು ಹೈಕೋರ್ಟು ಅದೇ ಆಗಸ್ಟ್‌ನಲ್ಲಿಯೂ ಮೇಲ್ಮನವಿಯ ನ್ಯಾಯಾಲಯ ನವೆಂಬರ್‌ನಲ್ಲಿಯೂ ತೀರ್ಪು ಕೊಟ್ಟವು. ಮೊದಲು ಪ್ರಯೋಗರೂಪವಾಗಿ ಕೊಟ್ಟು, 2020ರಲ್ಲಿ ಅದನ್ನು ಕಾಯಂ ಸೇವೆಯಾಗಿ ಮಾಡಿದರು. ಸ್ಕಾಟ್ಲೆಂಡ್ ಅದಕ್ಕೂ ಮೊದಲೇ, 2017ರಲ್ಲಿ, ಕೊಡತೊಡಗಿತ್ತು.

ನಮ್ಮ ದೇಶದ ಸ್ಥಿತಿ ಒಂದು ರೀತಿಯಲ್ಲಿ ಅವರಿಗಿಂತ ಮೇಲು. ಈ ಔಷಧಗಳನ್ನು ಜಗತ್ತಿಗೆ ಅಗ್ಗವಾಗಿ ಮಾಡಿಕೊಟ್ಟವರು ಭಾರತೀಯರೇ. ಒಬ್ಬ ರೋಗಿಗೆ ವರ್ಷಕ್ಕೆ ಹತ್ತು ಸಾವಿರ ಡಾಲರಿಗೂ ಮಿಕ್ಕು ಬೆಲೆಯಿದ್ದ ಚಿಕಿತ್ಸೆಯನ್ನು ದಿನಕ್ಕೆ ಒಂದು ಡಾಲರಿಗೂ ಕಡಿಮೆಗೆ ಕೊಡುತ್ತೇವೆಂದು 2001ರಲ್ಲಿ ಮುಂಬಯಿಯ ಸಿಪ್ಲಾ ಕಂಪನಿ ಘೋಷಿಸಿದಾಗ ಜಗತ್ತು ಬೆರಗಾಯಿತು. 2004ರ ಏಪ್ರಿಲ್ 1ರಿಂದ ನಮ್ಮ ಸರಕಾರ ಸೋಂಕಿತರಿಗೆ ಉಚಿತ ಔಷಧ ಕೊಡತೊಡಗಿತು. ಆಗಲೂ ಹಣವೆಲ್ಲಿ ಎಂದು ಕೇಳಿದವರಿದ್ದರು. ಸೋಂಕು ಬಂದವರಿಗೆ ಬದುಕಿರುವವರೆಗೂ, ಮೂವತ್ತು ನಲವತ್ತು ವರ್ಷ, ದಿನ ತಪ್ಪದೆ ಔಷಧ ಕೊಡಬೇಕು. ಅಪಾಯವಿರುವಷ್ಟು ಕಾಲ ಮಾತ್ರ ಕೊಡುವ ಮಾತ್ರೆಯಿಂದ ಆ ವೆಚ್ಚವೇ ತಪ್ಪುವುದಾದರೆ ಅದು ದುಂದಲ್ಲ. ಆದರೆ ಎಲ್ಲರಿಗೂ ಹಂಚಿದರೆ ಈ ಲೆಕ್ಕ ಕೂಡುವುದಿಲ್ಲ. ಅಪಾಯ ಹೆಚ್ಚಿರುವವರನ್ನು ಗುರುತಿಸಿ ಕೊಟ್ಟರೆ ಮಾತ್ರ ಕೂಡುತ್ತದೆ.

ಮೂರನೆಯದು: ಸೋಂಕಿತರಿಗೆಲ್ಲ ಚಿಕಿತ್ಸೆ ಕೊಟ್ಟರೆ ಸಾಲದೆ? ಇದರಲ್ಲಿ ಬಹಳ ಸತ್ಯವಿದೆ. ಔಷಧ ಸೇವಿಸಿ ರಕ್ತದಲ್ಲಿ ರೋಗಾಣು ಪತ್ತೆಯಾಗದಷ್ಟು ಕುಗ್ಗಿದವರಿಂದ ಸಂಗಾತಿಗೆ ಸೋಂಕು ಸಾಗುವುದಿಲ್ಲವೆಂದು ಈಗ ದೃಢಪಟ್ಟಿದೆ. ಅಂತಹ ದಂಪತಿಗಳಿಗೆ ಈ ಮಾತ್ರೆ ಸದಾ ಬೇಕಾಗಿಲ್ಲ. ಚಿಕಿತ್ಸೆ ಫಲ ಕೊಡುವವರೆಗಿನ ಮೊದಲ ತಿಂಗಳುಗಳಲ್ಲಿ ಬೇಕು. ಆದರೆ 2023ರ ಅಂದಾಜಿನಂತೆ ನಮ್ಮ ದೇಶದ ಸೋಂಕಿತರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ತಮಗೆ ಸೋಂಕಿರುವುದೇ ತಿಳಿದಿರಲಿಲ್ಲ. ತಿಳಿಯದವರಿಗೆ ಚಿಕಿತ್ಸೆ ಎಲ್ಲಿಯದು? ಅವರ ಎದುರಿಗಿರುವವರನ್ನು ಕಾಯುವುದು ಹೇಗೆ?

ನಾಲ್ಕನೆಯದು: ನಮ್ಮ ತೆರಿಗೆಯ ಹಣ ನಮ್ಮ ನಂಬಿಕೆಗೆ ಒಪ್ಪದ ಬಾಳಿಗೆ ಏಕೆ ಹೋಗಬೇಕು? ಅಮೆರಿಕದ ಟೆಕ್ಸಾಸಿನಲ್ಲಿ ಕೆಲವು ಉದ್ಯಮಿಗಳು ತಮ್ಮ ಧರ್ಮಶ್ರದ್ಧೆಗೆ ಈ ಮಾತ್ರೆ ಒಪ್ಪುವುದಿಲ್ಲ, ನೌಕರರ ವಿಮೆಯಲ್ಲಿ ಇದನ್ನು ಸೇರಿಸಲಾರೆವು ಎಂದು ವ್ಯಾಜ್ಯ ಹೂಡಿದರು. ಆ ವ್ಯಾಜ್ಯ ಬೆಳೆದು, ಇಂತಹ ತಡೆಚಿಕಿತ್ಸೆಗಳನ್ನು ಶಿಫಾರಸು ಮಾಡುವ ಸಮಿತಿಯ ನೇಮಕವೇ ಸಿಂಧುವೆ ಎಂಬ ಪ್ರಶ್ನೆಯಾಗಿ ಸುಪ್ರೀಂ ಕೋರ್ಟಿಗೆ ಹೋಯಿತು. 2025ರ ಜೂನ್‌ನಲ್ಲಿ ಕೋರ್ಟು ಸಮಿತಿಯ ಪರವಾಗಿ ತೀರ್ಪಿತ್ತಿತು. ಅವರ ಶ್ರದ್ಧೆಯನ್ನು ನಾವು ಹಳಿಯುವುದಿಲ್ಲ. ನಮ್ಮ ಶ್ರದ್ಧೆ ಬೇರೊಂದನ್ನು ಕಲಿಸಿದೆಯೆಂದಷ್ಟೇ ಹೇಳುತ್ತೇವೆ. ಸಮಾಜಕ್ಕೆ ಸಲ್ಲಿಸಿದ ಮೇಲೆ ಅದು ನಮ್ಮದಲ್ಲ. ಕೊಟ್ಟ ಮೇಲೂ ಕೈ ಹಿಡಿದುಕೊಂಡಿದ್ದರೆ ಅದು ದಾಸೋಹವಾಗದು, ಸಾಲವಾಗುತ್ತದೆ.

ಆಗಬೇಕಾದದ್ದು

ನಮ್ಮ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳುತ್ತೇವೆ. ಈ ಮಾತ್ರೆಯ ವೆಚ್ಚವನ್ನು ಸರಕಾರವೇ ವಹಿಸಬೇಕು. ನಾಲ್ಕೂ ತಾಲ್ಲೂಕುಗಳ ಸಾರ್ವಜನಿಕ ಆಸ್ಪತ್ರೆಗಳಲ್ಲಿ, ರಕ್ತಪರೀಕ್ಷೆ ಮತ್ತು ಆಪ್ತಸಮಾಲೋಚನೆ ನಡೆಯುವ ಕೊಠಡಿಯಲ್ಲಿಯೇ ಇದು ದೊರೆಯಬೇಕು. ಒಬ್ಬರಿಗೆ ಸೋಂಕಿದ್ದು ಇನ್ನೊಬ್ಬರಿಗೆ ಇಲ್ಲದ ದಂಪತಿಗಳಿಗೆ, ವೃತ್ತಿಯಿಂದಲೋ ಬಾಳಿನ ಬಗೆಯಿಂದಲೋ ಅಪಾಯ ಹೆಚ್ಚಿರುವವರಿಗೆ, ದೂರದೂರಿನಲ್ಲಿ ದುಡಿದು ಬರುವ ಗಂಡಂದಿರ ಬಗ್ಗೆ ಅಳುಕಿರುವ ಹೆಂಡಂದಿರಿಗೆ ಕೇಳಿದೊಡನೆ ಸಿಗಬೇಕು. ಕೇಳಿದ್ದು ಗುಟ್ಟಾಗಿರಬೇಕು. 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿರುವ ಎಚ್.ಐ.ವಿ. ಮತ್ತು ಏಡ್ಸ್ ಕಾಯಿದೆಯು ಒಪ್ಪಿಗೆಯಿಲ್ಲದೆ ಪರೀಕ್ಷಿಸಬಾರದು, ಗುಟ್ಟು ಬಿಡಬಾರದು, ಭೇದ ಮಾಡಬಾರದು ಎಂದು ವಿಧಿಸಿದೆ. ಅದು ಕಾಗದದಲ್ಲಿ ಉಳಿಯದಂತೆ ನೋಡಬೇಕು.

ವರ್ಷಕ್ಕೆರಡು ಬಾರಿ ಮಾತ್ರ ಚುಚ್ಚುವ ಲೆನಾಕಪವಿರ್ ಎಂಬ ಹೊಸ ಔಷಧವೂ ಬಂದಿದೆ. ಉಗಾಂಡಾ ಮತ್ತು ದಕ್ಷಿಣ ಆಫ್ರಿಕದಲ್ಲಿ ಅದನ್ನು ಪಡೆದ ಎರಡು ಸಾವಿರಕ್ಕೂ ಹೆಚ್ಚು ಹೆಂಗಸರಲ್ಲಿ ಒಬ್ಬರಿಗೂ ಸೋಂಕು ತಗಲಲಿಲ್ಲವೆಂದು 2024ರಲ್ಲಿ ವರದಿಯಾಯಿತು; 2025ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಶಿಫಾರಸು ಮಾಡಿತು. ಡಬ್ಬಿಯನ್ನು ಅತ್ತೆಯ ಕಣ್ಣಿಗೆ ಬೀಳದಂತೆ ಬಚ್ಚಿಡಬೇಕಾದ ಸೊಸೆಗೆ ಇಂತಹ ಔಷಧ ಎಷ್ಟು ದೊಡ್ಡ ಆಸರೆಯೆಂಬುದನ್ನು ಹೇಳಬೇಕಾಗಿಲ್ಲ. ಭಾರತದ ಕಂಪನಿಗಳಿಗೆ ಅದನ್ನು ತಯಾರಿಸುವ ಪರವಾನಗಿ ದೊರೆತಿದೆ. ಇಲ್ಲಿ ತಯಾರಾದದ್ದು ಇಲ್ಲಿನ ಬಡವರಿಗೆ ಕೊನೆಗೆ ತಲುಪುವಂತಾಗಬಾರದು.

ಸರಕಾರಕ್ಕೆ ಹೇಳಿದಷ್ಟೇ ಮಾತು ನಮಗೂ ಇದೆ. ನಮ್ಮ ಮಠಮಂದಿರಗಳ ಮಾಸಿಕ ಗೋಷ್ಠಿಗಳಲ್ಲಿ, ಅಕ್ಕನ ಬಳಗದ ಸಭೆಗಳಲ್ಲಿ ವರ್ಷಕ್ಕೊಮ್ಮೆಯಾದರೂ, ಡಿಸೆಂಬರ್ 1ರ ವಿಶ್ವ ಏಡ್ಸ್ ದಿನದಂದು, ಒಬ್ಬ ವೈದ್ಯರನ್ನೋ ದಾದಿಯನ್ನೋ ಕರೆದು ಈ ವಿಷಯವನ್ನು ಮಾತನಾಡಿಸಬೇಕು. ಮದುವೆಗೆ ಜಾತಕ ನೋಡುವ ಮನೆಗಳು ಹುಡುಗ ಹುಡುಗಿ ಇಬ್ಬರ ಒಪ್ಪಿಗೆಯಿಂದ ರಕ್ತಪರೀಕ್ಷೆಯನ್ನೂ ಮಾಡಿಸಲಿ. ಸೋಂಕಿದ್ದವರ ಮನೆಯ ಲಿಂಗಪೂಜೆಗೆ, ಊಟಕ್ಕೆ, ಸಾವಿಗೆ ಹೋಗಿ ಬರಲಿ. ಜೊತೆಗೆ ಉಂಡರೆ, ಮುಟ್ಟಿದರೆ ಇದು ಹರಡುವುದಿಲ್ಲ. ಗುರುಸ್ಥಾನದಲ್ಲಿ ಕುಳಿತವರು ನಾಲಿಗೆ ಏಳದೆಂದು ಸುಮ್ಮನಿರದಿರಲಿ. ನಾವು ಸುಮ್ಮನಿದ್ದೆವು. ಅದರ ಫಲವನ್ನು ಒಬ್ಬ ತಾಯಿ ಇಂದಿಗೂ ದಿನವೂ ನುಂಗುತ್ತಿದ್ದಾಳೆ.

ಈ ಲೇಖನವನ್ನು ಬರೆಯುತ್ತೇವೆಂದು ತಿಳಿಸಿದಾಗ ಆಕೆ ನಕ್ಕಳು. ‘ಈಗಲಾದರೂ ಹೇಳಿ ಬುದ್ಧಿ, ಕೇಳುವವರು ಇನ್ನೂ ಇದ್ದಾರೆ’ ಎಂದಳು. ಆಕೆಯ ಅಪ್ಪಣೆಯಂತೆ ಹೇಳಿದ್ದೇವೆ.